ತಿರುಗಿಸಿದರೂ ತಿರುಗದ ತೂತು

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರ. ಬೆಳಗಾವಿಯ ಸಣ್ಣ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿ ನಾನಿನ್ನೂ ಹೊಸಬಳು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಂಪಿಗೆ ಹಾಕುವ ಹಿತ್ತಾಳೆ ತುಂಡುಗಳನ್ನು ಕ್ಯಾಮೆರಾದ ಕೆಳಗಿಟ್ಟು, ಅವುಗಳಲ್ಲಿ ಕೊರೆದ ಚಿಕ್ಕ ತೂತು ದುಂಡಗಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುವುದು ನನ್ನ ಕೆಲಸ.

ಮೊದಲು ಪರದೆಯ ಅಂಚಿನಲ್ಲಿ ಅಳತೆ ಬರೀ ಚಿತ್ರದ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ, ಲೆಕ್ಕದಲ್ಲಿ ಬರುತ್ತಿತ್ತು. ಮಿಲಿಮೀಟರಿನಲ್ಲಿ ಬೇಕೆಂದು ಕೇಳಿದ್ದಕ್ಕೆ, ಯಂತ್ರ ಕೊಟ್ಟವರ ಕಡೆಯ ಎಂಜಿನಿಯರ್ ಬಂದು ಸಾಫ್ಟ್‌ವೇರ್‌ನಲ್ಲಿ ಏನೋ ಬದಲಾಯಿಸಿ ಹೋದರು. ಮರುದಿನ ನೋಡಿದರೆ ತೂತುಗಳೆಲ್ಲ ಮೊಟ್ಟೆಯಾಕಾರ.

ತೂತು ಕೊರೆಯುವವರು ನಂದಗಡದ ಕಲ್ಲಪ್ಪ ಕಾಕಾ. ಕಾರ್ಖಾನೆ ಶುರುವಾದಾಗಿನಿಂದ ಅಲ್ಲಿದ್ದವರು. ಮೇಲ್ವಿಚಾರಕರಾದ ಪಾಟೀಲರು ಅವರನ್ನು ಕರೆದು ಪರದೆ ತೋರಿಸಿದರು.

"ಕಲ್ಲಪ್ಪಾ, ಡ್ರಿಲ್ ಅಲಗಾಡಾಕ ಹತ್ತೈತೇನು?"

ಕಾಕಾ ಡ್ರಿಲ್ ಬಿಚ್ಚಿ ನೋಡಿ ಮತ್ತೆ ಜೋಡಿಸಿದರು. ಹೊಸ ತುಂಡು ಕೊರೆದು ತಂದರು. ಅದೂ ಮೊಟ್ಟೆ.

"ಮಷೀನ್ ಚಲೋ ಐತ್ರಿ ಸಾಹೇಬ್ರ. ನನ್ನ ಕೈಯಾಗ ಏನರ ಆಗಿರಬೇಕು," ಎಂದು ಅಂಗೈ ನೋಡಿಕೊಂಡರು. ಮಾಲು ಕಳಿಸುವುದು ನಿಂತಿತು.

ನನಗೆ ತಲೆಬುಡ ತಿಳಿಯಲಿಲ್ಲ. ಬರಿಗಣ್ಣಿಗೆ ದುಂಡಗಿರುವುದು ಪರದೆಯಲ್ಲಿ ಹೇಗೆ ಉದ್ದವಾಗುತ್ತದೆ? ಯಾವುದನ್ನು ನಂಬಬೇಕು, ನನ್ನ ಕಣ್ಣನ್ನೋ ಯಂತ್ರವನ್ನೋ? ತುಂಡನ್ನು ಕಾಲು ಸುತ್ತು ತಿರುಗಿಸಿಟ್ಟೆ. ಮೊಟ್ಟೆ ಆಗಲೂ ಅಡ್ಡಕ್ಕೇ ಮಲಗಿತ್ತು. ಇನ್ನಷ್ಟು ಗೊಂದಲವಾಯಿತು. ತೂತೇ ಮೊಟ್ಟೆಯಾಕಾರವಿದ್ದರೆ ತುಂಡಿನ ಜೊತೆ ಅದೂ ತಿರುಗಬೇಕಲ್ಲ?

ಏನೂ ತೋಚದೆ ನನ್ನ ಹಣೆಯ ದುಂಡು ಟಿಕಳಿಯನ್ನೇ ತೆಗೆದು ಕ್ಯಾಮೆರಾದ ಕೆಳಗೆ ಅಂಟಿಸಿದೆ. ಅದೂ ಮೊಟ್ಟೆ.

ಪಾಟೀಲರನ್ನು ಕರೆದೆ. "ಸರ್, ಈ ಟಿಕಳಿನ್ನ ಕಾಕಾ ಕೊರದಿಲ್ಲಲ್ರಿ."

ಅವರು ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಸೇರಿ ಸಾಫ್ಟ್‌ವೇರಿನ ಒಂದೊಂದೇ ಕಿಟಕಿ ತೆರೆದೆವು. ಒಂದು ಚುಕ್ಕಿಗೆ ಎಷ್ಟು ಮಿಲಿಮೀಟರು ಎಂದು ಅಡ್ಡಕ್ಕೊಂದು, ಉದ್ದಕ್ಕೊಂದು ಅಂಕಿಯನ್ನು ಆ ಎಂಜಿನಿಯರ್ ತುಂಬಿದ್ದರು. ನಮ್ಮ ಕ್ಯಾಮೆರಾಕ್ಕೆ ಎರಡೂ ಒಂದೇ ಇರಬೇಕಿತ್ತು, ಇರಲಿಲ್ಲ. ಹಾಗಾಗಿ ಚಿತ್ರವೇ ಅಡ್ಡಕ್ಕೆ ಹಿಗ್ಗಿತ್ತು. ಸರಿಪಡಿಸಿದೊಡನೆ ಟಿಕಳಿ ದುಂಡಗಾಯಿತು. ಕಾಕಾ ಕೊರೆದ ತೂತುಗಳೂ ದುಂಡಗಾದವು.

ಓಡಿಹೋಗಿ ಹೇಳಿದೆ. "ಕಾಕಾ, ನಿಮ್ಮ ಕೈ ಚಲೋ ಅದಾವ್ರಿ. ಪರದೆ ಮ್ಯಾಲಿನ ಅಳತಿ ತಪ್ಪಿತ್ತು."

"ಖರೇ ಏನ ತಂಗಿ?" ಎನ್ನುತ್ತ ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಖುಷಿಯಿರಲಿಲ್ಲ.

"ನಾಳಿಂದ ಕೆಲಸಕ್ಕ ಹೋಗೂದಿಲ್ಲಂತ ಮನಿಗೆ ಫೋನ್ ಮಾಡಿ ಹೇಳಿಬಿಟ್ನೆಲ್ಲ," ಎಂದರು. "ಕಂಪ್ಯೂಟರ್ ತೋರಿಸೇತಂದ್ರ ಖರೇನ ಇರಬೇಕಂತ ನಾನೂ ನಂಬಿಬಿಟ್ನಿ."

ಕಾಕಾ ಈಗಲೂ ಅದೇ ಡ್ರಿಲ್ಲಿನ ಮುಂದೆ ಇದ್ದಾರೆ. ಆದರೆ ಒಂದು ಮಾತು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಾವು ಅವರ ಕೈಯನ್ನು ಅನುಮಾನಿಸಿದ್ದು ಇರಲಿ, ಅವರೇ ಯಾಕೆ ಅಷ್ಟು ಬೇಗ ಅನುಮಾನಿಸಿದರು?