ಅತ್ತೆಯ ರಕ್ತದ ಇನ್ಸ್‌ಪೆಕ್ಷನ್

ಇವತ್ತು ಬೆಳಿಗ್ಗೆ ಯಾದಗಿರಿಯ ಲ್ಯಾಬೊಂದರಲ್ಲಿ ಅಂಗಿಯ ತೋಳು ಮೇಲೇರಿಸಿ ಕುಳಿತಿದ್ದೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಗಿ ಊರಿನ ನನ್ನ ಸೋದರತ್ತೆ ನೆನಪಾದಳು ನೋಡಿ.

ಅತ್ತೆ ಮೂವತ್ತು ವರ್ಷ ಊರ ಶಾಲೆಯಲ್ಲಿ ಪಾಠ ಹೇಳಿದ ಅಕ್ಕೋರು. ನಿವೃತ್ತಿಯಾದ ಮೇಲೆ ಹೃದಯದ ಕಸುವು ಕುಂದಿ ಕಾಲು ಬಾತುಕೊಳ್ಳತೊಡಗಿದವು. ಶಹಾಪುರದ ಡಾಕ್ಟರು ತಿಂಗಳಿಗೊಮ್ಮೆ ರಕ್ತ ನೋಡಿ ಗುಳಿಗೆ ಹೆಚ್ಚುಕಡಿಮೆ ಮಾಡುತ್ತಿದ್ದರು. ದೊಡ್ಡ ತಪಾಸಣೆಯೇನಲ್ಲ, ಸೋಡಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಎಲ್ಲರಿಗೂ ಮಾಡುವಂಥವೇ. ಅತ್ತೆ ಮಾತ್ರ ಅದನ್ನು ಇನ್ಸ್‌ಪೆಕ್ಷನ್ ಎಂದೇ ತಿಳಿದಳು. ಸಾಹೇಬರು ಬರುವ ಮುಂಚೆ ಶಾಲೆಗೆ ಸುಣ್ಣ ಹೊಡೆಸಿದ ಕೈ ಅಲ್ಲವೇ! ನಾಲ್ಕು ದಿನ ಮೊದಲೇ ಉಪ್ಪಿನಕಾಯಿ ಬಂದ್, ಗುಳಿಗೆ ಹೊತ್ತುಹೊತ್ತಿಗೆ. ರಕ್ತ ಕೊಟ್ಟು ಹೊರಬಂದಳೋ, ಮಿರ್ಚಿ ಭಜಿ ಬೇಕು. ನೀರು ಇಳಿಸುವ ಗುಳಿಗೆ ಮತ್ತೆ ಡಬ್ಬಿ ಸೇರುತ್ತಿತ್ತು.

"ಹೊತ್ತಿಲ್ಲದ ಹೊತ್ತಿನಾಗ ಬಚ್ಚಲಕ್ಕ ಓಡೋದು ಯಾರಿಗಿ ಬೇಕೋ?" ಎನ್ನುತ್ತಿದ್ದಳು.

ಭಜಿ ತಂದುಕೊಡುತ್ತಿದ್ದ ಮಹಾನುಭಾವ ನಾನೇ. ನನಗೂ ಎರಡು ಸಿಗುತ್ತಿದ್ದವಲ್ಲ!

"ಭೇಷ್ ಅದರಿ ಅಕ್ಕೋರ," ಎನ್ನುತ್ತಿದ್ದರು ಡಾಕ್ಟರು, ರಿಪೋರ್ಟ್ ನೋಡಿ. ಅತ್ತೆ ಪಾಸಾದ ಹುಡುಗಿಯಂತೆ ನಗುವಳು. ಒಂದು ಸಲ ಹಾಗೆ ಭೇಷ್ ಅನ್ನಿಸಿಕೊಂಡು ಬಂದವಳು ಬಸ್ಸಿನ ಮೆಟ್ಟಿಲ ಮೇಲೆ ಉಸಿರು ಸಾಲದೆ ಕುಸಿದು ಕೂತಳು. ಭಜಿಯ ಪೊಟ್ಟಣ ನನ್ನ ಕೈಯಲ್ಲಿತ್ತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮುಂದಿನ ಸಲ ಹೇಳದೆ ಕೇಳದೆ, ಹತ್ತು ದಿನ ಮೊದಲೇ, ಲ್ಯಾಬಿನವನನ್ನು ಬೈಕಿನ ಮೇಲೆ ಮನೆಗೇ ಕರೆತಂದೆ. ಅತ್ತೆ ರೊಟ್ಟಿ, ಉಪ್ಪಿನಕಾಯಿ ಹಾಕಿಕೊಂಡು ಕೂತಿದ್ದಳು.

"ಭಾಡ್ಯಾ, ಮೊದಲ ಹೇಳಬಾರದೇನೋ!" ಎಂದು ಗುಡುಗಿದಳು. ತೋಳು ಮಾತ್ರ ಚಾಚಿದಳು.

ಆ ರಿಪೋರ್ಟ್ ನೋಡಿ ಡಾಕ್ಟರ ಮುಖ ಬಾಡಿತು. ನಾನು ಎಲ್ಲ ಬಾಯಿಬಿಟ್ಟೆ.

"ಅಕ್ಕೋರ, ಈ ಸಾದಾ ನಂಬರ್ ನೋಡೇ ನಿಮ್ಮ ಹೃದಯ ಮುಂದ ಏನ್ ಮಾಡ್ತದಂತ ನಾ ಅಂದಾಜ ಹಾಕೋದು. ನಾಕ್ ದಿನದ ಶಾಣ್ಯಾತನ ತೋರ್ಸಿದ್ರ ಏನ್ ಔಷಧ ಕೊಡ್ಲಿ? ಹಿಂಗೇ ಬಿಟ್ಟಿದ್ರ ದವಾಖಾನಿ ಮಂಚ ಹಿಡೀತಿದ್ರಿ."

ಗುಳಿಗೆ ಬದಲಾದವು. ಅತ್ತೆ ನನ್ನೊಂದಿಗೆ ಮಾತು ಬಿಟ್ಟಳು. ಕಾಲಿನ ಬಾವು ಇಳಿದ ಮೇಲೆ ತಾನೇ ಮಾತಾಡಿಸಿದಳು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಇವತ್ತು ನನ್ನದು ಸಕ್ಕರೆ ಪರೀಕ್ಷೆ. ಸಿಹಿ ಮುಟ್ಟದೆ ಒಂದು ವಾರ ನಾನೂ ಭಾರೀ ಸಂಭಾವಿತನಾಗಿದ್ದೆ. ಸೂಜಿ ಚುಚ್ಚುವ ಮುಂಚೆಯೇ ಎದ್ದು ಹೊರಬಂದು ಅತ್ತೆಗೆ ಫೋನ್ ಹಚ್ಚಿ ಒಪ್ಪಿಕೊಂಡೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಒಳಗ ಹೋಗಿ ಖರೇ ಹೇಳು," ಎಂದಳು. "ನನ್ನ ಸುಳ್ಳು ಹಿಡಿಯಾಕ ನೀ ಇದ್ದಿ. ನಿನ್ನ ಸುಳ್ಳು ಹಿಡಿಯೋರು ಯಾರದಾರೋ, ಹುಚ್ಚಪ್ಪಾ?"

ಒಳಗೆ ಹೋದೆ.