ಹನ್ನೆರಡು ಸೆಕೆಂಡಿನ ಕೌದಿ

ನಾನು ಕಲಿತದ್ದು ಎರಡನೇ ಇಯತ್ತೆ. ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುವುದೂ ಹಾಗೆಯೇ. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಅಮೆರಿಕದ ಪಾರ್ಸಿಪನಿಯಲ್ಲಿ ಮಗ ಸೊಸೆಯ ಮನೆಯಲ್ಲಿದ್ದಾಗ ನಾನು ಓದುತ್ತಿದ್ದುದು ಅಂಗಡಿಗಳವರು ಟಪಾಲಿನಲ್ಲಿ ಕಳಿಸುವ ಬಣ್ಣದ ಜಾಹೀರಾತಿನ ಕಾಗದ ಮಾತ್ರ. ಓದುವುದೆಂದರೆ ನೋಡುವುದು. ಒಂದು ಕಾಗದದ ತುಂಬ ಬಿಳಿ ಬಿಟ್ಟು ಮೂಲೆಯಲ್ಲಿ ಒಂದೇ ಒಂದು ದೊಡ್ಡ ಟೊಮೆಟೊ ಇಟ್ಟಿದ್ದರು. ಕಣ್ಣು ಸೀದಾ ಅಲ್ಲಿಗೇ ಹೋಗುತ್ತಿತ್ತು. ಇದನ್ನು ಮಾಡಿದವರಿಗೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯಲು ಬರುತ್ತದೆ ಎಂದುಕೊಂಡೆ.

ಅದು ಕಂಪ್ಯೂಟರಿನವರಿಗೆ ಕರೆದು ಕರೆದು ಕೆಲಸ ಕೊಡುತ್ತಿದ್ದ ಕಾಲ. ನಮ್ಮ ಕಟ್ಟಡದ ಅರ್ಧ ಮನೆಗಳಲ್ಲಿ ನಮ್ಮವರೇ. ಎರಡು ಸಾವಿರ ಇಸವಿ ಬಂದರೆ ಯಂತ್ರಗಳಿಗೆ ತಾರೀಖು ತಪ್ಪುತ್ತದೆಂದು ಎಲ್ಲರೂ ಅದನ್ನೇ ತಿದ್ದುತ್ತಿದ್ದರು. ಮಗನೂ ತಿದ್ದುತ್ತಿದ್ದ. ಸೊಸೆಯ ಕೆಲಸ ಮಾತ್ರ ಬೇರೆ. ಅವಳು ಮೈಸೂರು ಕಡೆಯ ಹುಡುಗಿ, ಚಿತ್ರ ಬರೆಯುವುದನ್ನು ಕಲಿತವಳು. ಟೀವಿಯಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣಗಳು ಓಡಾಡಿ ಹೆಸರು ಮೂಡುತ್ತದಲ್ಲ, ಅದನ್ನು ಮಾಡಿಕೊಡುವ ಸಣ್ಣ ಆಫೀಸು ಹೋಬೋಕನ್‌ನಲ್ಲಿತ್ತು. ಅಲ್ಲಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು.

ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಸರಕಾರ ಅವಳಿಗೆ ಪರವಾನಗಿ ಕೊಟ್ಟಿತ್ತು. ಆ ವರ್ಷ ಮುಗಿಯುತ್ತಾ ಬಂದಿತ್ತು. ಆಫೀಸಿನವರು ವೀಸಾ ಹಾಕಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ನನ್ನ ಜೊತೆ ಮನೆಯಲ್ಲಿ ಕೂರಬೇಕು. ಆಗ ಒಂದು ಮಕ್ಕಳ ಕಾರ್ಯಕ್ರಮಕ್ಕೆ ಹನ್ನೆರಡು ಸೆಕೆಂಡಿನ ಚಿತ್ರ ಮಾಡುವ ಕೆಲಸ ಅವಳ ಪಾಲಿಗೆ ಬಂತು. ಎರಡು ಸಲ ಮಾಡಿ ಒಯ್ದಳು. ಅವಳ ಮೇಲಿನ ಹೆಂಗಸು ಎರಡು ಸಲವೂ, ಚೆಂದವಿದೆ, ಜೀವವಿಲ್ಲ ಎಂದು ತಿರುಗಿಸಿ ಕಳಿಸಿದಳು. ಮೂರನೆಯದನ್ನು ಸೋಮವಾರ ತೋರಿಸಬೇಕು, ಅದನ್ನು ನೋಡಿ ವೀಸಾದ ಮಾತು ಎಂದಿದ್ದಳಂತೆ.

ಎರಡನೆಯದನ್ನು ಸೊಸೆ ನನಗೂ ತೋರಿಸಿದ್ದಳು.

"ಹೆಂಗೈತಿ ಅತ್ತೆ?" ಎಂದು ನನ್ನ ಮಾತನ್ನೇ ಅಣಕಿಸಿ ಕೇಳಿದಳು.

"ಸಂತ್ಯಾಗ ಎಲ್ಲಾರೂ ಒಮ್ಮೆಲೆ ಒದರಿದಂಗ ಐತಿ. ಯಾವ ಕಡೆ ನೋಡಬೇಕು?"

"ನಮ್ ಬಾಸೂ ನೀವೂ ಅಕ್ಕತಂಗೀರು" ಎಂದು ಮುಖ ಊದಿಸಿಕೊಂಡು ಹೋದಳು.

ಮೂರನೆಯದಕ್ಕೆ ಕಂಪ್ಯೂಟರಿನ ಬಣ್ಣ ಬೇಡವೆಂದು ಬಿಳಿ ಹತ್ತಿ ಬಟ್ಟೆ ತಂದಳು. ಅಂಗೈಯಗಲ ನಲವತ್ತು ಚೌಕ ಕತ್ತರಿಸಿ, ಕೆಲವನ್ನು ಬಿಳಿಯಾಗಿಯೇ ಬಿಟ್ಟು, ವಾರವಿಡೀ ಉಳಿದ ಒಂದೊಂದಕ್ಕೂ ಕೈಯಿಂದ ಬಣ್ಣ ಹಚ್ಚಿ ಒಣಗಿಸಿ, ಒಂದರ ಮೇಲೊಂದು ಪೇರಿಸಿ ಕುರ್ಚಿಯ ಮೇಲಿಟ್ಟಳು. ಅದನ್ನು ಯಂತ್ರಕ್ಕೆ ಕೊಟ್ಟು ಚಿತ್ರ ತೆಗೆಯಬೇಕೆಂದುಕೊಂಡಿದ್ದಳು. ನನಗೆ ಹೇಳಿರಲಿಲ್ಲ. ಹೇಳಿದ್ದು ಬೇರೆ: ಕೌದಿ ಹೊಲಿಯಲು ಬಟ್ಟೆ ಹುಡುಕಿ ಕೊಡುತ್ತೇನೆ ಎಂದು ಹದಿನೈದು ದಿನದಿಂದ ಹೇಳುತ್ತಿದ್ದಳು.

ನಮ್ಮ ಕಡೆ ಯಾರಾದರೂ ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ ಪೇರಿಸಿ ಇಟ್ಟರೆ ಅದು ಕೌದಿಗೇ. ಮತ್ತೊಂದಕ್ಕೆ ಯಾರೂ ಹಾಗೆ ಕತ್ತರಿಸುವುದಿಲ್ಲ. ಗುರುವಾರ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕುರ್ಚಿಯ ಮೇಲೆ ಅದನ್ನು ಕಂಡೆ. ಹುಡುಗಿ ಬಾಯಲ್ಲಿ ಹೇಳದೆ ಮಾಡಿಟ್ಟಿದ್ದಾಳಲ್ಲ ಎಂದು ಖುಷಿಯಾಯಿತು. ನನ್ನ ಹಳೆಯ ಸೀರೆಯೊಂದನ್ನು ಮಡಚಿ ಕೆಳಗೆ ಹಾಸಿ, ಕೆಂಪು ದಾರ ಪೋಣಿಸಿ ಕೂತೆ. ಶುಕ್ರವಾರ ಹೊತ್ತು ಮುಳುಗುವ ಮೊದಲು ಮುಗಿಯಿತು, ತೊಟ್ಟಿಲಿಗೆ ಹಾಸುವಷ್ಟು.

ಸೊಸೆ ಬಂದವಳೇ ಕುರ್ಚಿ ನೋಡಿದಳು, ಆಮೇಲೆ ಸೋಫಾದ ಮೇಲಿದ್ದ ಕೌದಿ ನೋಡಿದಳು. ಬ್ಯಾಗು ಅಲ್ಲೇ ಬಿತ್ತು.

"ಅತ್ತೆ, ಏನ್ ಮಾಡ್ಬಿಟ್ರಿ! ಸೋಮವಾರಕ್ಕೆ ಬೇಕಿತ್ತು ಅದು!"

"ಕೌದಿಗಿ ಅಂತ ಇಟ್ಟಿದ್ದಿ ಅಂದ್ಕೊಂಡೆವಾ."

ಮಗ ಬಾಗಿಲಲ್ಲೇ ನಿಂತು ಶುರು ಮಾಡಿದ. "ಅವ್ವ, ಮುಟ್ಟೂಕಿಂತ ಮೊದಲ ಒಂದ್ ಮಾತು ಕೇಳಬೇಕಿತ್ತಿಲ್ಲೋ?"

"ಯಾರನ್ನ ಕೇಳ್ಲಿ? ಮನ್ಯಾಗ ಯಾರಿದ್ರು? ಗ್ವಾಡೀನ ಕೇಳ್ಲೇನು?"

ಸೊಸೆ ಅಳುತ್ತಿದ್ದಳು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಕತ್ತರಿ ತಂದೆ. ಹೊಲಿದ ಕೌದಿಯನ್ನು ಬಿಚ್ಚುವ ರೂಢಿ ನಮ್ಮಲ್ಲಿಲ್ಲ. ಹರಿದರೆ ಮೇಲೊಂದು ಪದರ ಹಾಕಿ ಹೊಲಿಯುತ್ತೇವೆಯೇ ಹೊರತು ಬಿಚ್ಚುವುದಿಲ್ಲ. ಆದರೂ ಬಿಚ್ಚುತ್ತೇನೆಂದೆ.

"ಬಿಚ್ಚಿದ್ರೂ ಸೂಜಿ ತೂತು ಉಳಿಯುತ್ತೆ. ಎಲ್ಲಾ ಕಾಣುತ್ತೆ" ಎಂದು ಕೌದಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ತೊಡೆಯ ಮೇಲೆ ಹರಡಿಕೊಂಡಳು. ಬಹಳ ಹೊತ್ತು ನೋಡಿದಳು. ಬೆರಳಿನಿಂದ ದಾರದ ಜಾಡು ಹಿಡಿದು ಹೋದಳು. ಅಳು ಯಾವಾಗ ನಿಂತಿತೋ ನಾನು ನೋಡಲಿಲ್ಲ.

"ಎಲ್ಲಿಂದ ಶುರು ಮಾಡಿದ್ರಿ ಅತ್ತೆ?"

"ಮೂಲ್ಯಾಗಿಂದ. ಅಂಚು ಮೊದಲು ಹಿಡೀಬೇಕು, ಇಲ್ಲಂದ್ರ ಒಳಗಿನ ತುಂಡು ಸರೀತಾವು. ಸುತ್ತಾ ಸುತ್ತಾ ನಡಕ ಬರೂದು."

"ಈ ಎರಡು ಹಸಿರಿನ ಮಧ್ಯ ಗುಲಾಬಿ ಯಾಕೆ?"

"ಹಸಿರಿಗೆ ಹಸಿರು ಕೂಡಿಸಿದ್ರ ಎರಡೂ ನಿದ್ದಿ ಮಾಡತಾವು. ನಡುವ ಒಬ್ಬಾಕಿ ಜಗಳಗಂಟಿ ಬೇಕು, ನನ್ನಂಥಾಕಿ."

ಮೂಗೊರೆಸಿಕೊಂಡು ನಕ್ಕಳು. "ಈ ಕೆಂಪೊಂದನ್ನ ಮಾತ್ರ ಬಿಳೀ ಚೂರುಗಳ ಮಧ್ಯ ಒಂಟಿಯಾಗಿ ಬಿಟ್ಟಿದೀರಲ್ಲ?"

ನಾನು ಎದ್ದುಹೋಗಿ ಟೊಮೆಟೊದ ಕಾಗದ ತಂದು ತೋರಿಸಿದೆ. ಅವಳು ಗಂಡನನ್ನು ನೋಡಿದಳು. "ಕಾಲೇಜಲ್ಲಿ ಒಂದು ಸೆಮಿಸ್ಟರ್ ಪೂರ್ತಿ ನಮಗೆ ಇದನ್ನೇ ಹೇಳ್ಕೊಟ್ಟಿದ್ರು ಕಣ್ರೀ!"

ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ಬಿಚ್ಚಿ ಎಂದಳು. ಆದರೆ ಒಮ್ಮೆಲೆ ಅಲ್ಲ, ಸ್ವಲ್ಪ ಸ್ವಲ್ಪ. ಪ್ರತಿ ಸಲವೂ ಒಂದು ಫೋಟೋ. ಆ ಫೋಟೋಗಳನ್ನೆಲ್ಲ ಕೊನೆಯಿಂದ ಮೊದಲಿಗೆ ಓಡಿಸಿದರೆ ದಾರ ತಾನಾಗಿ ನಡೆದು ಬಂದು ತುಂಡುಗಳನ್ನು ಕೂಡಿಸಿದಂತೆ ಕಾಣುತ್ತದೆಯಂತೆ. ನನಗೆ ಅರ್ಥವಾಗಲಿಲ್ಲ. ಕೆಡಿಸಿದವಳು ನಾನು, ಹೇಳಿದಷ್ಟು ಮಾಡುವುದೇ ಸರಿ ಎಂದುಕೊಂಡೆ.

ಶನಿವಾರ ಕಿಟಕಿಯ ಬೆಳಕಿಗೆ ಕೌದಿ ಹಾಸಿದರು. ಮಗ ಹೊಸದಾಗಿ ಕೊಂಡಿದ್ದ ಡಿಜಿಟಲ್ ಕ್ಯಾಮೆರಾವನ್ನು ಏಣಿಗೆ ಬಿಗಿದು ಕಟ್ಟಿದ. ನಾಲ್ಕು ಹೊಲಿಗೆ ಬಿಚ್ಚಬೇಕು, ಕೈ ತೆಗೆಯಬೇಕು, ಅವಳು ಒತ್ತಬೇಕು. ಮತ್ತೆ ನಾಲ್ಕು. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ. ಮೊಣಕಾಲು ಹಿಡಿದುಕೊಂಡವು.

"ಅಲುಗಾಡಬೇಡಿ ಅತ್ತೆ."

"ಉಸಿರರ ಬಿಡಲ್ಯೋ ಬ್ಯಾಡೋ?"

"ಫೋಟೋ ಆದ್ಮೇಲೆ ಬಿಡಿ."

ಭಾನುವಾರ ಮಧ್ಯಾಹ್ನಕ್ಕೆ ಬರೀ ಸೀರೆ ಉಳಿಯಿತು. ಅವಳು ಅದನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿ ಹೆಸರು ಸೇರಿಸಿ ತೋರಿಸಿದಳು. ಖಾಲಿ ಸೀರೆಯ ಮೇಲೆ ಕೆಂಪು ದಾರವೊಂದು ಮೂಲೆಯಿಂದ ಹೊರಟಿತು. ಅದು ಹೋದ ಕಡೆಗೆಲ್ಲ ಬಣ್ಣದ ತುಂಡುಗಳು ಬಂದು ಕೂತವು. ಕಣ್ಣು ದಾರದ ಹಿಂದೆ ಹೋಯಿತು, ಬೇರೆಲ್ಲೂ ಹೋಗಲಿಲ್ಲ. ನನ್ನ ಕೆಲಸವನ್ನು ದೂರ ನಿಂತು ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು. ಚೆನ್ನಾಗಿದೆ ಎಂದೇ ಹೇಳಿದೆ. ಒಂದು ಫೋಟೋದಲ್ಲಿ ನನ್ನ ಹೆಬ್ಬೆರಳು ಉಳಿದುಬಿಟ್ಟಿತ್ತು. ಅದನ್ನು ತೆಗೆದು ಹಾಕು ಎಂದೆ. ತೆಗೆದರೆ ದಾರ ಅಲ್ಲಿ ಎಗರಿದಂತೆ ಕಾಣುತ್ತದೆ, ಸಮಯವೂ ಇಲ್ಲ ಎಂದಳು.

ಸೋಮವಾರ ನನಗೆ ಕೆಲಸವೇ ಸಾಗಲಿಲ್ಲ. ಅವಳ ನೌಕರಿ ಹೋದರೆ ಅದು ನನ್ನ ಕೈಯಿಂದ ಹೋದಂತೆ. ಫೋನ್ ಮಾಡುತ್ತಾಳೆಂದು ಕಾದೆ, ಮಾಡಲಿಲ್ಲ. ಸಂಜೆ ಬಂದು ಶೂ ಕೂಡ ಬಿಚ್ಚದೆ ಶುರು ಮಾಡಿದಳು.

"ನಮ್ ಬಾಸ್ ಮೂರು ಸಲ ನೋಡಿದಳು ಅತ್ತೆ. ಯಾರ ಬೆರಳು ಅದು ಅಂತ ಕೇಳಿದಳು. ತೆಗೀತೀನಿ ಅಂದೆ. ಮುಟ್ಟಿದ್ರೆ ನೋಡು, ಅದೊಂದಿರೋದಕ್ಕೇ ಇದು ಯಾರೋ ಮನುಷ್ಯರು ಮಾಡಿದ್ದು ಅನ್ನಿಸೋದು ಅಂದಳು. ದಾರ ಮಾತ್ರ ನೀಲಿ ಆಗಬೇಕಂತೆ…"

"ಅದಿರಲಿ. ಉಳಿದ್ಯೋ ಹೋದ್ಯೋ, ಅದನ್ನ ಮೊದಲ ಹೇಳು."

"ಉಳಿದೆ. ನಾಳೆ ವಕೀಲರ ಹತ್ರ ವೀಸಾ ಕಾಗದ ಕೊಡ್ತಾರಂತೆ."

ಹತ್ತು ವರ್ಷದವಳಿದ್ದಾಗಿನಿಂದ ಕೌದಿ ಹೊಲಿದಿದ್ದೇನೆ. ಹೊದ್ದುಕೊಂಡವರು ಬಹಳ ಮಂದಿ, ಬೆಚ್ಚಗಿದೆ ಎಂದವರೂ ಇದ್ದಾರೆ. ಹಸಿರಿನ ನಡುವೆ ಗುಲಾಬಿ ಯಾಕಿಟ್ಟೆ ಎಂದು ಕೇಳಿದವಳು ಅವಳೊಬ್ಬಳೇ. ಅವತ್ತು ಅವಳು ಬೈದು ಕೌದಿಯನ್ನು ಮೂಲೆಗೆ ಎಸೆದಿದ್ದರೂ ತಪ್ಪಿರಲಿಲ್ಲ. ಎಸೆಯದೆ ನೋಡಿದಳು. ಆ ಉಪಕಾರವನ್ನು ಅವಳ ಮುಂದೆ ಹೇಳಿಲ್ಲ, ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ. ಅವತ್ತು ಹೇಳಿದ್ದು ಇಷ್ಟೇ:

"ಮೊದಲ ಕಾಲು ತೊಳಕೊಂಡು ಬಾ. ರೊಟ್ಟಿ ಆರಾಕತ್ತಾವು."