ಹದಿನೇಳು ಗೋಡೆಗಳ ಪ್ಲೂಟೊ

ಬನವಾಸಿಯ ಮಧುಕೇಶ್ವರ ಓದಿದ್ದು ಏಳನೆಯವರೆಗೆ. ಶಿರಸಿಯ ಅಡಿಕೆ ಮಂಡಿಯಲ್ಲಿ ಗೋಣಿಚೀಲಗಳ ಮೇಲೆ ರಾಶಿ, ಬೆಟ್ಟೆ, ಚಾಲಿ ಎಂದು ಅಡಿಕೆಯ ಬಗೆಯ ಗುರುತು ಬರೆಯುತ್ತ ಕೈ ಪಳಗಿಸಿಕೊಂಡ. ತೊಂಬತ್ತರ ದಶಕದಲ್ಲಿ ಕಾಡು ಉಳಿಸುವವರ ಘೋಷಣೆಗಳನ್ನು ಗೋಡೆಗೆ ಬರೆದವನೂ ಅವನೇ. ಪ್ರತಿ ಸಾಲಿನ ಅರ್ಥ ಕೇಳುತ್ತಿದ್ದ; ತಿಳಿಯದಿದ್ದರೆ ಕುಂಚ ಅದ್ದುತ್ತಿರಲಿಲ್ಲ. ಮುಖಂಡರಿಗೆ ಕಿರಿಕಿರಿಯಾಗುತ್ತಿತ್ತು. ಎರಡು ಘೋಷಣೆಗಳಂತೂ ಅವನ ಪ್ರಶ್ನೆಗೆ ಉತ್ತರವಿಲ್ಲದೆ ಅಲ್ಲೇ ಸತ್ತವು.

ಆಮೇಲೆ ಶಾಲೆಗಳ ಗೋಡೆ ಹಿಡಿದ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕಪ್ಪು ಆಕಾಶ ಬಳಿದು ಸೂರ್ಯನನ್ನೂ ಒಂಬತ್ತು ಗ್ರಹಗಳನ್ನೂ ಬರೆದ. 2006ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಆ ಸಾಲಿನಿಂದ ತೆಗೆದು ಕುಬ್ಜ ಗ್ರಹವೆಂದರು. ಪೇಪರಿನಲ್ಲಿ 'ಕುಬ್ಜ' ಎಂದು ಓದಿದ್ದೇ ಮಧುಕೇಶ್ವರನಿಗೆ ಎಲ್ಲ ತಿಳಿದುಹೋದಂತಾಯಿತು. ಮಂಡಿಯಲ್ಲಿ ಚಾಲಿ ಜರಡಿ ಹಿಡಿದಾಗ ಸಣ್ಣದು ಕೆಳಗೆ ಬೀಳುವುದನ್ನು ಅವನೆಷ್ಟು ವರ್ಷ ನೋಡಿಲ್ಲ? ಜೀವನದಲ್ಲಿ ಅದೊಂದು ಸಲ ಯಾರನ್ನೂ ಕೇಳಲಿಲ್ಲ. ಹೆಡ್‌ಮಾಸ್ತರರು ಕರೆದಲ್ಲೆಲ್ಲ ಹೋಗಿ "ಪ್ಲೂಟೊ ಸಣ್ಣದು, ಆದ್ದರಿಂದ ಗ್ರಹವಲ್ಲ" ಎಂದು ಬರೆದ. ಹದಿನೇಳು ಶಾಲೆ ಮುಗಿದವು.

ಹದಿನೆಂಟನೆಯದು ತ್ಯಾಗಲಿ ಊರಿನ ಶಾಲೆ. ಅವನು 'ಸಣ್ಣದು' ಬರೆಯುವಷ್ಟರಲ್ಲಿ ವಿಜ್ಞಾನ ಕಲಿಸುವ ದೇವಕಿ ಅಕ್ಕೋರು ಹಿಂದೆ ಬಂದು ನಿಂತರು. ಅವನ ಮಂಡಿಯ ಕೆಲಸ ಅವರಿಗೆ ಗೊತ್ತಿತ್ತು.

"ರಾಶಿಗೂ ಚಾಲಿಗೂ ಎಂತ ವ್ಯತ್ಯಾಸ? ಗಾತ್ರವಾ?"

"ಗಾತ್ರ ಅಲ್ರಿ ಅಕ್ಕೋರ. ಎಳೇದು ಸುಲದು ಬೇಯಿಸಿದ್ರ ರಾಶಿ, ಹಣ್ಣಾದ್ದು ಒಣಗಿಸಿದ್ರ ಚಾಲಿ."

"ಮತ್ತೆ ಪ್ಲೂಟೊನ ಎಂತಕ್ಕೆ ಜರಡಿಗೆ ಹಾಕಿದೆ ಮಾರಾಯ?"

ಗುರುವಿನ ಒಂದು ಚಂದ್ರ ಬುಧನಿಗಿಂತ ದೊಡ್ಡದು, ಆದರೂ ಗ್ರಹ ಬುಧನೇ ಎಂದು ಅಕ್ಕೋರು ತಿಳಿಸಿದರು. ಗ್ರಹವಾಗಲು ಸೂರ್ಯನನ್ನು ಸುತ್ತಬೇಕು, ತನ್ನ ಸೆಳೆತದಿಂದಲೇ ದುಂಡಗಾಗಿರಬೇಕು, ತನ್ನ ದಾರಿಯ ಆಸುಪಾಸನ್ನು ತೆರವು ಮಾಡಿಕೊಂಡಿರಬೇಕು. ಪ್ಲೂಟೊ ಮೊದಲೆರಡರಲ್ಲಿ ಪಾಸು. ಆದರೆ ನೆಪ್ಚೂನಿನಾಚೆ ಅಸಂಖ್ಯ ಹಿಮಗಡ್ಡೆಗಳ ನಡುವೆಯೇ ಅದರ ಓಡಾಟ. ಒಂದು ಸುತ್ತಿಗೆ 248 ವರ್ಷ.

ಮಧುಕೇಶ್ವರನ ಮುಖ ಇಳಿಯಿತು. ಹಳ್ಳಿಶಾಲೆಯ ಮಕ್ಕಳು ಗೋಡೆಯಲ್ಲಿದ್ದದ್ದನ್ನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಹದಿನೇಳು ಶಾಲೆಗಳ ಮಕ್ಕಳ ತಲೆಗೆ ಅವನು ತಪ್ಪು ತುಂಬಿದ್ದ. ತ್ಯಾಗಲಿಯ ಸಾಲನ್ನು ಅಲ್ಲೇ ತಿದ್ದಿ, ಮರುದಿನವೇ ಬಸ್ಸಿನ ಟಾಪಿಗೆ ಬಣ್ಣದ ಡಬ್ಬಿ ಏರಿಸಿ ಹೊರಟ. ಯಾರೂ ಹೇಳಿರಲಿಲ್ಲ, ಯಾರೂ ಕರೆದಿರಲಿಲ್ಲ.

ಹದಿನಾರು ಶಾಲೆಗಳಲ್ಲಿ ಚಹಾ ಕೊಟ್ಟು ಬರೆಸಿಕೊಂಡರು. ಯಲ್ಲಾಪುರ ತಾಲೂಕಿನ ಕೊನೆಯ ಶಾಲೆಯ ಹೆಡ್‌ಮಾಸ್ತರರು ಮಾತ್ರ ತಡೆದರು. ತಪಾಸಣೆಗೆ ಬಂದ ಸಾಹೇಬರು ಗೋಡೆ ನೋಡಿ ಸಹಿ ಹಾಕಿ ಹೋಗಿದ್ದಾರೆ, ಮುಟ್ಟಬೇಡ ಎಂದರು.

ಮಧುಕೇಶ್ವರ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಸಹಿ ಸಾಹೇಬ್ರದ್ದು ಇರ್ಲಿ ಸರ. ಬರದದ್ದು ನಾನು. ಮಕ್ಳು ಓದೂದು ನಂದನ್ನ. ತಿದ್ದಗೊಡೂತನಕ ಇಲ್ಲೇ ಇರ್ತೀನಿ."

ಊಟದ ಗಂಟೆಯಾಯಿತು. ಮಕ್ಕಳು ಸುತ್ತ ನೆರೆದು ಇವನೇಕೆ ಕೂತಿದ್ದಾನೆಂದು ಕೇಳಿದರು. ತಾನು ಬರೆದದ್ದು ತಪ್ಪು ಎಂದು ಒಬ್ಬೊಬ್ಬರಿಗೂ ಹೇಳಿದ. ದೊಡ್ಡವರು ಮಕ್ಕಳೆದುರು ಹಾಗೆ ಹೇಳುವುದನ್ನು ಹೆಡ್‌ಮಾಸ್ತರರು ಹೆಚ್ಚು ಕೇಳಿರಲಿಕ್ಕಿಲ್ಲ. ಅವರೇ ಏಣಿ ತರಿಸಿದರು.

ಹೊಸ ಸಾಲು ಉದ್ದವಾಗಿ ಕಿಟಕಿಗೆ ಬಡಿಯಿತು. ಅವನು ಅಕ್ಷರ ಕಿರಿದು ಮಾಡಿದ. ಮೂರು ಷರತ್ತುಗಳಲ್ಲಿ ಒಂದನ್ನೂ ಬಿಡಲಿಲ್ಲ.